ವಯಸ್ಸಾದ ಲ್ಯಾಬ್ರಡಾರ್ ನಾಯಿಗೆ ಮನೇಲಿರೋ ನೋವಿನ ಮಾತ್ರೆ ಕೊಡಬೇಡ್ರಿ, ಮೊದಲು ನೆಲ ನೋಡ್ರಿ

ಹರಿಹರದ ಅಣ್ಣ, 11 ವರ್ಷದ ಲ್ಯಾಬ್ ಬೆಳಗ್ಗೆ ಹಿಂಗಾಲು ಎತ್ತೋಕೆ ಒದ್ದಾಡ್ತಿತ್ತು, ಮನೇಲಿದ್ದ ಐಬುಪ್ರೊಫೆನ್ ಅರ್ಧ ಮಾತ್ರೆ ಕೊಟ್ಟೆ, ಸಂಜೆಗೆ ಓಡಾಡ್ತು, ದಿನಾ ಕೊಡಬಹುದಾ ಅಂತ ಕೇಳಿದ್ದೀರಿ. ಬೇಡ. ಇವತ್ತಿಂದಲೇ ನಿಲ್ಲಿಸ್ರಿ. ನಮ್ಮನೇಲೂ ಹಿಂದೆ ಹಿಂಗೇ ಕೊಟ್ಟಿದ್ವಿ. ಕುಂಟೋದು ನಿಂತಿತು, ಆಮೇಲೆ ಅನ್ನ ಬಿಟ್ಟಿತು, ಮಲ ಡಾಂಬರಿನ ಹಾಗೆ ಕಪ್ಪಗಾಯ್ತು. ಹೊಟ್ಟೇಲಿ ಹುಣ್ಣಾಗಿ ರಕ್ತ ಸೋರಿದ್ರೆ ಹಂಗೇ ಬರೋದು. ಕಿಡ್ನಿಗೂ ಪೆಟ್ಟು ಬೀಳುತ್ತೆ. ನಿಮ್ಮದರ ಮಲ ಇವತ್ತೇ ನೋಡ್ರಿ. ಕಪ್ಪಗಿದ್ರೆ, ವಾಂತಿ ಆಗ್ತಿದ್ರೆ ನಾಳೆ ಅನ್ನಬೇಡ್ರಿ, ಈಗಲೇ ಡಾಕ್ಟ್ರ ಹತ್ರ ಹೋಗ್ರಿ.

ಮೇಲೆ ಒಬ್ಬರು ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ ಕೊಡಿ, ದನಕ್ಕೂ ಕೊಡ್ತಿದ್ವಿ ಅಂತ ಬರೆದಿದ್ದಾರೆ. ದಯವಿಟ್ಟು ಇಂಥ ಸಲಹೆ ಕೊಡಬೇಡ್ರಿ. ಆ ಔಷಧಿ ಕೊಟ್ಟ ದನ ಸತ್ತಾಗ ಅದನ್ನ ತಿಂದು ರಣಹದ್ದುಗಳು ಸಾಯ್ತಿದ್ವು ಅಂತ ಪಶುಗಳಿಗೆ ಬಳಸೋದನ್ನ 2006ರಲ್ಲೇ ನಿಷೇಧಿಸಿದ್ದಾರೆ. ನಾಯಿಗಂತೂ ಅದು ವಿಷವೇ.

ನಾಯಿಗೆ ಆಗೋ ನೋವಿನ ಔಷಧಿ ಇವೆ, ಮೆಲೋಕ್ಸಿಕಾಮ್, ಕಾರ್ಪ್ರೊಫೆನ್. ಆದ್ರೆ ತೂಕ ನೋಡಿ ಡಾಕ್ಟ್ರೇ ಬರೀಬೇಕು. 30 ಕೆಜಿ ಲ್ಯಾಬ್‌ಗೆ ಮೆಲೋಕ್ಸಿಕಾಮ್ ಸಾಮಾನ್ಯವಾಗಿ ದಿನಕ್ಕೆ 3 ಮಿ.ಗ್ರಾಂ. ಹತ್ತಿರ ಬರುತ್ತೆ, ಮೆಡಿಕಲ್‌ನಲ್ಲಿ ನಮಗೆ ಸಿಗೋ ಮಾತ್ರೆ 7.5, ಇಲ್ಲಾ 15. ಅಂದಾಜಿಗೆ ಮುರಿದು ಹಾಕೋ ವಿಷಯ ಅಲ್ಲ ಇದು. ಸ್ಟೀರಾಯ್ಡ್ ನಡೀತಿದ್ರೆ ಇವು ಯಾವುದೂ ಜೊತೆಗೆ ಕೊಡಂಗಿಲ್ಲ. ಶುರು ಮಾಡೋ ಮುಂಚೆ ರಕ್ತ ಪರೀಕ್ಷೇಲಿ ಕ್ರಿಯಾಟಿನಿನ್ (ಕಿಡ್ನಿ ಕೆಲಸ ತೋರಿಸೋದು), ಲಿವರ್, ಪ್ಲೇಟ್ಲೆಟ್ (ರಕ್ತ ಹೆಪ್ಪುಗಟ್ಟಿಸೋ ಕಣ) ನೋಡಿಸ್ರಿ. ಪ್ಲೇಟ್ಲೆಟ್ ಯಾಕೆ ಅಂದ್ರೆ, ನಮ್ಮ ಕಡೆ ಕಾಲು ಹಿಡ್ಕೊಂಡ ನಾಯಿಗೆಲ್ಲ ಸಂಧಿವಾತವೇ ಇರಲ್ಲ, ರಕ್ತ ಹೀರೋ ಉಣ್ಣಿ ಹುಳ ಕಚ್ಚಿ ಬರೋ ಜ್ವರದಲ್ಲೂ ಕೀಲು ನೋಯುತ್ತೆ. ಅದರಲ್ಲಿ ಪ್ಲೇಟ್ಲೆಟ್ ಇಳಿದಿರುತ್ತೆ, ಅದರ ಮೇಲೆ ನೋವಿನ ಮಾತ್ರೆ ಬಿದ್ರೆ ರಕ್ತಸ್ರಾವ ಇನ್ನೂ ಜಾಸ್ತಿ. ಬೆಳಗ್ಗೆ ಎದ್ದೇಳೋವಾಗ ಫೋನ್‌ನಲ್ಲಿ ವಿಡಿಯೋ ಮಾಡ್ಕೊಳ್ರಿ. ಕ್ಲಿನಿಕ್ಕಿಗೆ ಹೋದ ಗಾಬರಿಗೆ ನಾಯಿ ನೆಟ್ಟಗೆ ನಡೆದುಬಿಡುತ್ತೆ, ಡಾಕ್ಟ್ರಿಗೆ ಏನೂ ಕಾಣಲ್ಲ. ಎಕ್ಸ್‌ರೇ ಇಲ್ಲಿ ಆಗದಿದ್ರೆ ಹೊನ್ನಾಳಿ ಮೇಲೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೋಗ್ರಿ.

ಈಗ ನೆಲದ ವಿಷಯ. ನಿಮ್ಮ ಫೋಟೋದಲ್ಲಿ ಹಾಲ್ ತುಂಬ ಹೊಳೆಯೋ ಟೈಲ್ಸ್. ಅದರ ಮೇಲೆ ಎದ್ದೇಳೋವಾಗೆಲ್ಲ ಹಿಂಗಾಲು ಅಗಲಕ್ಕೆ ಜಾರುತ್ತೆ, ನೋಯೋ ಸೊಂಟ ಮತ್ತೆ ಮತ್ತೆ ಎಳೀತದೆ. ಯಾವ ಮಾತ್ರೆ ಕೊಟ್ರೂ ಇದು ನಿಲ್ಲದೆ ಉಪಯೋಗ ಇಲ್ಲ. ನಮಗೆ ಕೈಹಿಡಿದಿದ್ದು ಕೊಟ್ಟಿಗೆಗೆ ಹಾಸೋ ದನದ ರಬ್ಬರ್ ಮ್ಯಾಟ್. ಹಾಲು ಕರೆಯೋ ಮಷಿನ್ ಮಾರೋ ಅಂಗಡೀಲಿ ಕೇಳ್ರಿ. ಉದ್ದುದ್ದ ಪಟ್ಟಿ ಕತ್ತರಿಸಿ ಮಲಗೋ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ, ನಡುವೆ ಒಂದು ಹೆಜ್ಜೆ ಟೈಲ್ಸೂ ಸಿಗದ ಹಾಗೆ ಹಾಸ್ರಿ. ಹೊಸದರಲ್ಲಿ ವಾಸನೆ ಬರುತ್ತೆ, ತೊಳೆದು ಬಿಸಿಲಿಗೆ ಬಿಡ್ರಿ. ಯೋಗ ಮ್ಯಾಟ್ ತರಬೇಡ್ರಿ, ಉಗುರಿಗೆ ಹರಿಯುತ್ತೆ, ಹರಿದ ಚೂರು ತಿಂತವೆ. ಬರೀ ಗೋಣಿಚೀಲ ಟೈಲ್ಸ್ ಮೇಲೆ ತಾನೇ ಜಾರುತ್ತೆ. ಆನ್‌ಲೈನ್‌ನಲ್ಲಿ ಮಾರೋ ಬೂಟು, ಸಾಕ್ಸು ನನಗೆ ಒಂಚೂರೂ ಹಿಡಿಸಲ್ಲ. ಅದರ ಬದಲು ಉಗುರು ಕತ್ತರಿಸಿ, ಪಾದದ ಗಾದಿ ಮಧ್ಯೆ ಬೆಳೆದ ಕೂದಲು ತೆಗೀರಿ. ಲ್ಯಾಬ್ ಸಾಕೋರು ಈ ಕೂದಲು ನೋಡೋದೇ ಇಲ್ಲ.

ಮಲಗೋಕೆ ಚಳ್ಳಕೆರೆ ಕಂಬಳಿ ದಪ್ಪ ಮಡಿಸಿ ಹಾಕ್ರಿ, ಮೊಣಕೈ ಜಡ್ಡುಗಟ್ಟಲ್ಲ. ಆದ್ರೆ ಕಂಬಳೀಲಿ ಉಣ್ಣಿ ಹುಳ ಅಡಗುತ್ತೆ, ಮೇಲೆ ಹಳೇ ಕಾಟನ್ ಬೆಡ್‌ಶೀಟ್ ಸುತ್ತಿ ಆಗಾಗ ಒಗೀರಿ, ಕಂಬಳಿ ಬಿಸಿಲಿಗೆ ಹಾಕ್ರಿ.

ತೂಕ ಹೇಳದೆ ಬಿಡಲ್ಲ, ಬೇಜಾರಾಗಬೇಡ್ರಿ. ಫೋಟೋದಲ್ಲಿ ಸೊಂಟ ಅನ್ನೋದೇ ಕಾಣ್ತಿಲ್ಲ. ಪಕ್ಕೆ ಸವರಿದ್ರೆ ಎಲುಬು ಕೈಗೆ ಸಿಗಬೇಕು. ನಾಯಿ ಫುಡ್ ಡ್ರೂಲ್ಸ್ ಆಗ್ಲಿ, ರಾಯಲ್ ಕ್ಯಾನಿನ್ ಆಗ್ಲಿ, ಚೀಲದ ಮೇಲಿನ ಅಳತೆ ನೋಡಿ ಬಟ್ಟಲು ತುಂಬಿಸಬೇಡ್ರಿ, ಪಕ್ಕೆ ನೋಡಿ ತುಂಬಿಸ್ರಿ. ಭಾನುವಾರ ಬೆಣ್ಣೆ ದೋಸೆ ತುಂಡು, ಸಂಜೆ ಖಾರ ಮಂಡಕ್ಕಿ ಎಲ್ಲ ಬಂದ್. ಬೆಣ್ಣೆ ಜಾಸ್ತಿಯಾದ್ರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತೆ, ಮಂಡಕ್ಕಿಯ ಈರುಳ್ಳಿ ರಕ್ತಕಣ ಒಡೆಯುತ್ತೆ. ಕ್ಯಾಲ್ಸಿಯಂ ಸಿರಪ್ ಕುಡಿಸ್ತಾ ಕೂರಬೇಡ್ರಿ, ಸವೆದ ಕೀಲಿಗೆ ಅದು ಏನೂ ಮಾಡಲ್ಲ. ಕೀಲಿಗೆ ಅಂತ ಮಾರೋ ಗ್ಲುಕೋಸಮೈನ್‌ಗಿಂತ ಮೀನೆಣ್ಣೆ ವಾಸಿ, ಅದನ್ನೂ ಡಾಕ್ಟ್ರನ್ನ ಕೇಳಿ. ಇವೆರಡಕ್ಕಿಂತಲೂ ನಾಯಿಯ ತೂಕ ನಾಲ್ಕು ಕೆಜಿ ಇಳಿಸೋದು ವಾಸಿ.

ನೀರು ಜಾಸ್ತಿ ಕುಡೀತಿದೆ ಅಂತಲೂ ಬರೆದಿದ್ದೀರಿ, ಅದನ್ನ ಬಿಸಿಲು ಅಂತ ಬಿಡಬೇಡ್ರಿ. ಅಳೆದು ಇಡ್ರಿ. ದಿನಕ್ಕೆ ಕೆಜಿಗೆ 100 ಮಿ.ಲೀ. ದಾಟಿದ್ರೆ, ಅಂದ್ರೆ 30 ಕೆಜಿಗೆ 3 ಲೀಟರ್, ಕಿಡ್ನಿ, ಸಕ್ಕರೆ ಎರಡೂ ನೋಡಿಸಬೇಕು. ಕ್ರಿಯಾಟಿನಿನ್ ಏರೋ ಹೊತ್ತಿಗೆ ಕಿಡ್ನಿಯ ಮುಕ್ಕಾಲು ಪಾಲು ಕೆಲಸ ನಿಂತಿರುತ್ತೆ, ಅದಕ್ಕೇ ಮೂತ್ರದ ಪರೀಕ್ಷೆಯೂ ಬೇಕು. ಗಂಡೋ ಹೆಣ್ಣೋ ಬರೆದಿಲ್ಲ. ಆಪರೇಷನ್ ಆಗದ ಹೆಣ್ಣಾಗಿದ್ದು, ಬೆದೆ ಮುಗಿದು ಒಂದೆರಡು ತಿಂಗಳಾಗಿದ್ರೆ ಗರ್ಭಕೋಶದಲ್ಲಿ ಕೀವು ತುಂಬಿಯೂ ಹೀಗೆ ನೀರು ಕುಡೀತಿರಬಹುದು. ಅದಂತೂ ಅವತ್ತೇ ಓಡಬೇಕಾದ ಕೇಸು.

ಇನ್ನೊಂದು, ವಯಸ್ಸಾಯ್ತು ಅಂತ ರೇಬಿಸ್ ಇಂಜೆಕ್ಷನ್ ಬಿಟ್ಟಿದ್ದೀವಿ ಅಂದ್ರಲ್ಲ, ರಕ್ತ ಪರೀಕ್ಷೆಗೆ ಹೋದಾಗ ಅದು ಯಾವಾಗ ಹಾಕಿಸೋದು ಅಂತಲೂ ಕೇಳ್ಕೊಂಡು ಬರ್ರಿ.