ಹಲ್ಲಿನ ಬುಡದಲ್ಲಿ ಕೀವು: ಮಾತ್ರೆ ಸಾಕಾ?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಕೊಯ್ಲಿನ ಸಮಯದಲ್ಲಿ ದವಡೆ ಹಲ್ಲು ನೋವು ಬಂದು ಕೆನ್ನೆ ಊದಿತ್ತು. ಮೆಡಿಕಲ್‌ನಿಂದ ಆ್ಯಂಟಿಬಯೋಟಿಕ್ ತಂದು ನುಂಗಿದೆ, ಇಳಿಯಿತು. ಈಗ ವಸಡಿನಲ್ಲಿ ಕೀವಿನ ಗುಳ್ಳೆ ಬಂದಿದೆ. ಮತ್ತೆ ಅದೇ ಮಾತ್ರೆ ತಗೊಳ್ಳಲಾ?

ಉತ್ತರ: ಬೇಡ. ಹುಳುಕು ಒಳಗಿನ ನರದವರೆಗೆ ಹೋಗಿ, ಅದು ಸತ್ತು, ಬೇರಿನ ತುದಿಯಲ್ಲಿ ಕೀವು ಕಟ್ಟಿರಬಹುದು. ಸತ್ತ ನರಕ್ಕೆ ರಕ್ತವೇ ಹರಿಯುವುದಿಲ್ಲ, ಮತ್ತೆ ಮಾತ್ರೆ ಅಲ್ಲಿಗೆ ತಲುಪುವುದು ಹೇಗೆ? ಊತ ಇಳಿಯುತ್ತದೆ, ಮೂಲ ಹಾಗೇ ಉಳಿಯುತ್ತದೆ. ಕೀವು ಹೊರಗೆ ಬಿಡಿಸಿ ರೂಟ್ ಕೆನಾಲ್ (ಸತ್ತ ನರ ತೆಗೆದು, ಬೇರಿನ ಒಳಗೆ ಸ್ವಚ್ಛ ಮಾಡಿ ತುಂಬುವ ಚಿಕಿತ್ಸೆ) ಮಾಡಿಸಬೇಕು, ಹಲ್ಲು ಉಳಿಯುವಂತಿಲ್ಲ ಎಂದರೆ ಕೀಳಿಸಬೇಕು. ವಿರಾಜಪೇಟೆಯಲ್ಲಿ ದಂತ ಕಾಲೇಜೇ ಇದೆ ಅಲ್ವಾ, ಎಕ್ಸ್‌ರೇ ತೆಗೆಸಿ ನೋಡಿ.

ಅಲ್ಲಿಯವರೆಗೆ ಉಗುರು ಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ. ಲವಂಗದೆಣ್ಣೆ ನೋವು ಸ್ವಲ್ಪ ಮರೆಸುತ್ತದೆ, ಅಷ್ಟೇ. ಗುಳ್ಳೆಯನ್ನು ಸೂಜಿಯಿಂದ ಚುಚ್ಚಬೇಡಿ. ಜ್ವರ ಬಂದರೆ, ಊತ ಕಣ್ಣು ಅಥವಾ ಕುತ್ತಿಗೆ ಕಡೆ ಹರಡಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಮಾತ್ರ ಬೆಳಗಾಗಲಿ ಎಂದು ಕಾಯದೆ ರಾತ್ರಿಯಾದರೂ ದೊಡ್ಡ ಆಸ್ಪತ್ರೆಗೆ ಓಡಿ.

ಇನ್ನು ನಿಮ್ಮ ಕಡೆಯ ಬೆಲ್ಲದ ಕಾಫಿ! ಬಿಡಿ ಎನ್ನುವುದಿಲ್ಲ, ಆದರೆ ಇಡೀ ದಿನ ಗುಟುಕು ಗುಟುಕಾಗಿ ಕುಡಿದರೆ ಹುಳುಕು ಜಾಸ್ತಿ. ಫ್ಲೋರೈಡ್ ಪೇಸ್ಟ್‌ನಲ್ಲಿ ದಿನಕ್ಕೆ 2 ಸಲ ಉಜ್ಜಿ, ರಾತ್ರಿಯದ್ದು ತಪ್ಪಿಸಬೇಡಿ.