ರಂಗಪ್ಪ ಯಾರಿಗೆ ಭಾವ?

ಈ ತಿಂಗಳ ಪತ್ರಗಳಲ್ಲಿ ನಾಲ್ಕು ಒಂದೇ ಬೆಟ್ಟವನ್ನು ಸುತ್ತುತ್ತಿವೆ. ಬಿಳಿಗಿರಿರಂಗನ ಬೆಟ್ಟದ ಬುಡದ ಶಾಲೆಯೊಂದರಲ್ಲಿ ಹದಿನೇಳು ವರ್ಷ ಮೇಷ್ಟರಾಗಿದ್ದವನು ನಾನು. ಉತ್ತರ ಉದ್ದವಾದರೆ ಸಂಪಾದಕರು ಈ ಒಂದು ಸಲ ಕತ್ತರಿ ಎತ್ತದಿರಲಿ.

ಪ್ರಶ್ನೆ: ಬೆಟ್ಟದ ದೇವಸ್ಥಾನದ ಬಳಿ ಅಲ್ಲಿನ ಆದಿವಾಸಿಗಳಾದ ಸೋಲಿಗರ ಅಜ್ಜಿಯೊಬ್ಬರು ರಂಗನಾಥನನ್ನು ‘ಭಾವ’ ಎಂದು ಕರೆದು ಬಯ್ಯುತ್ತಿದ್ದರು. ನಮಗೆ ಗಾಬರಿಯಾಯಿತು. ದೇವರನ್ನು ಹೀಗೆ ಬಯ್ಯಬಹುದೇ?
— ಓದುಗರೊಬ್ಬರು, ಹಾಸನ

ಭಾವನನ್ನು ಬಯ್ಯದೆ ಇನ್ಯಾರನ್ನು ಬಯ್ಯಬೇಕು, ಸ್ವಾಮಿ? ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೋಹಿಸಿ ಮದುವೆಯಾದ ಎಂಬುದು ಅವರ ಕಥೆ. ಅಂದಿನಿಂದ ಸೋಲಿಗರೆಲ್ಲ ಹೆಣ್ಣು ಕೊಟ್ಟವರು, ಆತ ಮನೆಯ ಅಳಿಯ. ಮಳೆ ತಡವಾದರೆ, ಆನೆ ರಾಗಿ ತುಳಿದರೆ, ಆತನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ. ಆತ ರಾತ್ರಿ ಕಾಡು ಸುತ್ತುವುದರಿಂದ ಪಾದರಕ್ಷೆ ಸವೆಯುತ್ತದೆಂದು ಬೂದಿತಿಟ್ಟಿನ ಮಾದಿಗ ಸಮುದಾಯದವರು ದೊಡ್ಡ ಚರ್ಮದ ಪಾದರಕ್ಷೆಗಳನ್ನು ಮಾಡಿ ಒಪ್ಪಿಸುತ್ತಾರೆ. ಭಕ್ತರು ಅವನ್ನೇ ತಲೆಗೆ ಮುಟ್ಟಿಸಿಕೊಳ್ಳುತ್ತಾರೆ. ಒಬ್ಬರು ಹೆಣ್ಣು ಕೊಟ್ಟವರು, ಇನ್ನೊಬ್ಬರು ಕೆರ ಹೊಲಿದವರು. ಗರ್ಭಗುಡಿಯೊಳಗೆ ಯಾರಿಗೆ ಎಷ್ಟು ಜಾಗ ಎಂಬುದು ಬೇರೆ ಲೆಕ್ಕ, ಅದನ್ನು ನೀವೇ ನೋಡಿ ಬಂದಿದ್ದೀರಿ.

ಪ್ರಶ್ನೆ: ಕಾಡಿನಲ್ಲಿರುವವರೇ ಕಾಡಿಗೆ ಬೆಂಕಿ ಇಡುತ್ತಿದ್ದರಂತೆ, ಅರಣ್ಯ ಇಲಾಖೆ ಬಂದ ಮೇಲೆ ನಿಂತಿತಂತೆ. ನಿಜವೇ?
— ಓದುಗರೊಬ್ಬರು, ತುಮಕೂರು

ಇಡುತ್ತಿದ್ದರು, ಅಲ್ಲಗಳೆಯುವುದಿಲ್ಲ. ಆದರೆ ಯಾವ ಬೆಂಕಿ, ಯಾವಾಗ ಎಂದು ಕೇಳಬೇಕು. ಸೋಲಿಗರದು ತರಗು ಬೆಂಕಿ. ಬೇಸಿಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ತೇವವಿರುವಾಗ ಹಚ್ಚುವುದು. ಅದು ಒಣಗಿದ ಎಲೆಗಳನ್ನಷ್ಟೇ ನೆಕ್ಕಿಕೊಂಡು ಮೊಣಕಾಲೆತ್ತರದಲ್ಲಿ ತೆವಳಿ ಹೋಗುತ್ತದೆ, ಮರದ ತಲೆಗೆ ಏರುವುದಿಲ್ಲ. ಸುಟ್ಟ ಜಾಗದಲ್ಲಿ ಮಳೆ ಬಿದ್ದೊಡನೆ ಹುಲ್ಲು ಚಿಗುರುತ್ತದೆ, ಹುಲ್ಲಿಗೆ ಕಡವೆ ಬರುತ್ತದೆ, ಕಡವೆಯ ಹಿಂದೆ ಯಾರು ಬರುತ್ತಾರೆಂದು ಹೇಳಬೇಕಾಗಿಲ್ಲ.

1974ರಲ್ಲಿ ಕಾಡು ಅಭಯಾರಣ್ಯವಾಯಿತು. ತರಗು ಬೆಂಕಿ ನಿಂತಿತು, ಕಾಡು ಕಡಿದು ರಾಗಿ ಬಿತ್ತುವುದೂ ನಿಂತಿತು, ಒಳಗಿನ ಪೋಡುಗಳು, ಅಂದರೆ ಸೋಲಿಗರ ಹಾಡಿಗಳು, ಅಂಚಿಗೆ ಸರಿದವು. ಮುಂದೆ ಆದದ್ದನ್ನು ನೋಡಿ. ಒಂದು ಕಾಲದಲ್ಲಿ ಬ್ರಿಟಿಷರು ತೋಟದ ಅಂದಕ್ಕೆಂದು ಹಡಗಿನಲ್ಲಿ ತಂದಿದ್ದ ಅಮೆರಿಕದ ಲಂಟಾನ ಪೊದೆ ಕಾಡನ್ನೇ ಹೊದ್ದು ಮಲಗಿತು. ನೆಲ್ಲಿಮರಗಳಿಗೆ ಉಪ್ಪಿಲು ಹತ್ತಿತು. ಉಪ್ಪಿಲು ಎಂದರೆ ಹಕ್ಕಿ ಬಿಟ್ಟ ಬೀಜದಿಂದ ಕೊಂಬೆಯ ಮೇಲೆ ಬೆಳೆದು ಮರದ ರಸ ಹೀರುವ ಬಂದಳಿಕೆ. ತರಗು ಬೆಂಕಿಯಿದ್ದಾಗ ಇವೆರಡೂ ಹದ್ದುಬಸ್ತಿನಲ್ಲಿದ್ದವು ಎಂದು ಸೋಲಿಗರು ಹೇಳುತ್ತಲೇ ಬಂದರು. ಬಹಳ ವರ್ಷಗಳ ನಂತರ ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅವರೊಡನೆ ಕಾಡು ಸುತ್ತಿ, ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಬರೆದರು.

ಹಾಗೆಂದು ನಾಳೆಯೇ ಕಡ್ಡಿ ಗೀರಿ ಎನ್ನುತ್ತಿಲ್ಲ. ಈಗ ಬೆಂಕಿ ಬಿದ್ದರೆ ಲಂಟಾನವೇ ಏಣಿಯಾಗಿ ಅದನ್ನು ಮರದ ತುದಿಗೆ ಹತ್ತಿಸುತ್ತದೆ. ಮೊದಲು ಲಂಟಾನ ಕೀಳಬೇಕು, ಆಮೇಲೆ ಬೆಂಕಿಯ ಮಾತು ಎಂದು ಸೋಲಿಗರ ಹಿರಿಯರೇ ಹೇಳುತ್ತಾರೆ. ಆ ಪೀಡೆಯ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಕುರ್ಚಿ ಹೆಣೆಯುವುದನ್ನು ಮಲೆಮಹದೇಶ್ವರ ಬೆಟ್ಟದ ಕಡೆಯ ಸೋಲಿಗರು ಕಲಿತಿದ್ದಾರೆ. ನಾನು ಈಗ ಬರೆಯುತ್ತಿರುವುದು ಅಂಥ ಒಂದು ಕುರ್ಚಿಯಲ್ಲಿ ಕುಳಿತೇ. ಸ್ವಲ್ಪ ಕಿರುಗುಟ್ಟುತ್ತದೆ.

ಪ್ರಶ್ನೆ: ಹುಲಿ ಕಾಡಿನಲ್ಲಿ ಜನರಿಗೆ ಹಕ್ಕು ಕೊಟ್ಟಿದ್ದಾರಂತೆ. ಯಾವ ಹಕ್ಕು?
— ಓದುಗರೊಬ್ಬರು, ಶಿವಮೊಗ್ಗ

2006ರಲ್ಲಿ ಜೇನು, ನೆಲ್ಲಿಕಾಯಿ, ಪಾಚಿ ಆಯ್ದು ಮಾರುವುದಕ್ಕೆ ತಡೆ ಬಿತ್ತು. ಮೊದಲು ಇದನ್ನೆಲ್ಲ ಕೊಂಡುಕೊಳ್ಳುತ್ತಿದ್ದುದು ಲ್ಯಾಂಪ್ಸ್ ಸೊಸೈಟಿ, ಅಂದರೆ ಆದಿವಾಸಿಗಳ ಸಹಕಾರ ಸಂಘ. ನನ್ನ ಕೈಯಲ್ಲಿ ಕಲಿತ ಹುಡುಗರಲ್ಲಿ ಹಲವರು ಆ ವರ್ಷ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋದರು. ವಿಚಿತ್ರ ನೋಡಿ, ಅರಣ್ಯ ಹಕ್ಕು ಕಾಯ್ದೆಯನ್ನು ಸಂಸತ್ತು ಒಪ್ಪಿದ್ದೂ ಅದೇ ವರ್ಷ. 2011ರ ಆರಂಭದಲ್ಲಿ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಪ್ಪತ್ತೈದು ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿತು. ಕಿರು ಅರಣ್ಯ ಉತ್ಪನ್ನ ಆಯ್ದು ಮಾರುವುದು, ದೇವರ ತಾಣಗಳಿಗೆ ಹೋಗಿ ಪೂಜಿಸುವುದು, ಕಾಡನ್ನು ಕಾಯುವುದು ಅದರಲ್ಲಿ ಸೇರಿವೆ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು ಸಿಕ್ಕಿದ್ದು ಇವರಿಗೆ. ಹುಲಿಗೆ ಹೊಸಬರು ಇವರೇನೂ ಅಲ್ಲ, ಹುಲಿವೀರಪ್ಪ ಇವರ ದೇವರು.

ಪ್ರಶ್ನೆ: ಮಗಳ ಶಾಲೆಯ ವೇಷಭೂಷಣ ಸ್ಪರ್ಧೆಗೆ ‘ಆದಿವಾಸಿ’ ವೇಷ ಹಾಕಿಸಬೇಕಂತೆ. ಸೊಪ್ಪು ಎಲ್ಲಿ ಕಟ್ಟಬೇಕು, ಮುಖಕ್ಕೆ ಏನು ಬಳಿಯಬೇಕು?
— ತಾಯಿಯೊಬ್ಬರು, ಬೆಂಗಳೂರು

ಏನೂ ಬಳಿಯಬೇಡಿ, ತಾಯಿ. ನನ್ನ ತರಗತಿಯ ಸೋಲಿಗರ ಹುಡುಗ ನೀಲಿ ಚಡ್ಡಿ, ಬಿಳಿ ಅಂಗಿ ಹಾಕಿ ಬರುತ್ತಿದ್ದ. ವಾರಕ್ಕೊಮ್ಮೆ ಮಾತ್ರ ಒಗೆಯುತ್ತಿದ್ದ, ಅದೊಂದೇ ದೂರು. ಒಮ್ಮೆ ಎಲ್ಲರಿಗೂ ಮರದ ಚಿತ್ರ ಬರೆಯಲು ಹೇಳಿದೆ. ಉಳಿದವರು ಒಂದು ಕಾಂಡ, ಮೇಲೊಂದು ಹಸಿರು ಉಂಡೆ ಬರೆದು ಮುಗಿಸಿದರು. ಇವನು ಬಳಪ ಹಿಡಿದು ಸುಮ್ಮನೆ ಕುಳಿತಿದ್ದ. ಯಾಕೋ ಎಂದು ಗದರಿದೆ. ‘ಯಾವ ಮರ ಸಾರ್?’ ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಕಿಟಕಿಯಾಚೆ ತೋರಿಸಿ ‘ಅದು’ ಎಂದೆ. ಅದು ಯಾವುದೆಂದು ಅವನೇ ನನಗೆ ಹೇಳಿಕೊಟ್ಟ. ತಾರೆಮರ.

ಮಗಳಿಗೆ ಶಾಲೆಯ ಸಮವಸ್ತ್ರವನ್ನೇ ಹಾಕಿ ಕಳಿಸಿ. ಬಹುಮಾನ ಬರಲಿಕ್ಕಿಲ್ಲ.