‘ಈಜಿಪ್ಟಿನ ವಿಧವೆ’ ಪ್ರಿಂಟ್ ಮಸುಕಾಗುತ್ತಿರುವುದಕ್ಕೆ
‘ಈಜಿಪ್ಟಿನ ವಿಧವೆ’ ಚಿತ್ರದ ಪ್ರಿಂಟ್ ಯಾಕೆ ಮಸುಕಾಗಿ ಬರುತ್ತಿದೆ ಅಂತ ಕೇಳಿದ್ದಿರಿ. ಮಮ್ಮಿ ಪೆಟ್ಟಿಗೆ ಮುಂದೆ ಕೂತು ಅಳುವ ಹೆಂಗಸಿನ ಆ ಚಿತ್ರ ಪ್ರಿಂಟಿನಲ್ಲಿ ಮಸುಕಾಗೋದಕ್ಕೆ, ನೀವು ಅಂಗಡಿಗೆ ಕೊಟ್ಟ ಫೈಲ್ ಚಿಕ್ಕದಿರುವುದೇ ಕಾರಣ ಇರಬೇಕು. ಅದು ಕಲಾವಿದ ಆಲ್ಮಾ-ಟಾಡೆಮಾ 1872ರಲ್ಲಿ ಮರದ ಹಲಗೆ ಮೇಲೆ ಬರೆದದ್ದು. ಮೂಲ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಮೊದಲು ಅವರ ವೆಬ್‌ಸೈಟಿನಿಂದಲೇ ದೊಡ್ಡ ಫೈಲ್ ಇಳಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಕಲಾವಿದ ತೀರಿಕೊಂಡದ್ದು 1912ರಲ್ಲಿ, ಹಾಗಾಗಿ ಹಕ್ಕಿನ ತಕರಾರೂ ಇಲ್ಲ. ಉದ್ದದ ಬದಿ 4800 ಪಿಕ್ಸೆಲ್ ದಾಟಿದೆಯಾ ನೋಡಿ. ಆಮೇಲೆ ಅಂಗಡಿಯಲ್ಲಿ 12×16 ಇಂಚು ಹೇಳಿ. ನಾನು ಸುಮ್ನೆ 12×18 ಮಾಡಿಸಿ, ಮೇಲೂ ಕೆಳಗೂ ಕತ್ತರಿ ಬಿದ್ದಿತ್ತು. ಪೇಪರ್ ಮ್ಯಾಟ್ (ಹೊಳಪಿಲ್ಲದ್ದು) ಇರಲಿ. ಗ್ಲಾಸಿ ಆದರೆ ಟ್ಯೂಬ್‌ಲೈಟ್ ಹೊಳಪಿಗೆ, ಹಿಂದೆ ಕತ್ತಲಲ್ಲಿ ಹಾಡುವವರು ಕಾಣುವುದೇ ಇಲ್ಲ. ಬಣ್ಣ ಹೇಗೆ ಬರುತ್ತದೋ ಅದು ಅಂಗಡಿಯ ಮೆಷಿನ್ ಮೇಲೆ ಹೋಗುತ್ತದೆ, ಮೊದಲು ಒಂದು 4×6 ಸ್ಯಾಂಪಲ್ ತೆಗೆಸಿ.